ಬರದ ಸೀಮೆಯ ಧರ್ಮದ ಹಣ: ಹಿಂದೂಪುರ, ಕಲ್ಯಾಣದುರ್ಗದ ಕಡೆಯ ದೇಣಿಗೆಯ ಚರಿತ್ರೆ

ಗುರುವಿನ ಹೆಸರಿನಲ್ಲಿ ಹಣ ಕೂಡಿಸಿ ಊರಿಗೆ ನೀರು, ಅನ್ನ, ಔಷಧಿ ಒದಗಿಸುವ ಪದ್ಧತಿಗೆ ಹಿಂದೂಪುರ ಮತ್ತು ಕಲ್ಯಾಣದುರ್ಗದ ಸೀಮೆಯಲ್ಲಿ ಸಾವಿರ ವರ್ಷದ ಹಿನ್ನೆಲೆ ಇದೆ. ಹಣ ಬರುವ ದಾರಿ ಕಾಲಕಾಲಕ್ಕೆ ಬದಲಾಗಿದೆ. ಒಂದು ಕಾಲಕ್ಕೆ ಭೂಮಿಯ ದತ್ತಿ, ಒಂದು ಕಾಲಕ್ಕೆ ಜೋಳಿಗೆಯ ಕಾಳು, ಆಮೇಲೆ ರಸೀದಿ ಪುಸ್ತಕದ ಚಂದಾ, ಇಪ್ಪತ್ತನೆಯ ಶತಮಾನದ ಕೊನೆಗೆ ವಿದೇಶದಿಂದ ಬ್ಯಾಂಕಿಗೆ ನೇರವಾಗಿ ಬರುವ ದೇಣಿಗೆ. ಬದಲಾಗದೆ ಉಳಿದದ್ದು ಅಗತ್ಯ. ಅನಂತಪುರ ಸೀಮೆಯ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರು. ದೇಶದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಮಾತು ಬಂದಾಗ ರಾಜಸ್ಥಾನದ ಜೈಸಲ್ಮೇರಿನ ಜೊತೆಗೇ ಇದರ ಹೆಸರೂ ಬರುತ್ತದೆ. ನೆಲದೊಳಗಿನ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಅದನ್ನು ಕುಡಿದವರ ಹಲ್ಲು ಕಂದುಗಟ್ಟುತ್ತವೆ, ಮೂಳೆ ಸೊಟ್ಟಗಾಗುತ್ತದೆ.

ಎರಡೂ ಊರುಗಳು ಕರ್ನಾಟಕದ ಗಡಿಗೆ ಅಂಟಿಕೊಂಡಿವೆ. ಹಿಂದೂಪುರದ ದಕ್ಷಿಣಕ್ಕೆ ಗೌರಿಬಿದನೂರು, ಪಶ್ಚಿಮಕ್ಕೆ ಮಡಕಶಿರ. ಕಲ್ಯಾಣದುರ್ಗದ ದಕ್ಷಿಣಕ್ಕೆ ಪಾವಗಡ. ಗುತ್ತಿಯ ಮರಾಠಾ ನಾಯಕ ಮುರಾರಿರಾಯ ತನ್ನ ತಂದೆ ಹಿಂದೂರಾಯನ ಹೆಸರಿನಲ್ಲಿ ಹಿಂದೂಪುರವನ್ನು ನೆಲೆಗೊಳಿಸಿದ. ಬೆಲ್ಲ ಮತ್ತು ಹುಣಸೆಹಣ್ಣಿನ ಮಾರುಕಟ್ಟೆಯಾಗಿ ಅದು ಬೆಳೆಯಿತು. ಸಂತೆ, ಮದುವೆ, ಮಠ, ಜಾತ್ರೆಗಳಲ್ಲಿ ತೆಲುಗೂ ಕನ್ನಡವೂ ಜೊತೆಜೊತೆಯಾಗಿ ಕೇಳಿಬರುವ ನಾಡಿದು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. 2022ರ ಏಪ್ರಿಲ್ 4ರಂದು ಅದೂ ಎರಡಾಯಿತು. ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಒಬ್ಬ ಧರ್ಮಗುರುವಿನ ಹೆಸರು ಜಿಲ್ಲೆಗೇ ಬಂದಿರುವುದು ಈ ಸೀಮೆಯಲ್ಲಿ ಆತನ ಸೇವಾಕಾರ್ಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಸಾಕ್ಷಿ.

ಮಡಕಶಿರದ ಕಡೆಯ ಹೇಮಾವತಿ ನೊಳಂಬರ ರಾಜಧಾನಿ. ಶಾಸನಗಳಲ್ಲಿ ಅದು ಹೆಂಜೇರು. ಆ ಕಾಲದಿಂದ ವಿಜಯನಗರದವರೆಗೆ ಈ ಭಾಗದ ಕನ್ನಡ ಶಾಸನಗಳು ಕೆರೆ, ತೂಬು, ದೇವಾಲಯಗಳಿಗೆ ಬಿಟ್ಟ ಭೂಮಿಯನ್ನು ದಾಖಲಿಸುತ್ತವೆ. ಅಂದಿನ ದಾನಿ ಹಣವನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಕೆರೆ ಕಟ್ಟಿದವನಿಗೆ ಕಟ್ಟುಗೊಡಗೆ, ಕೆರೆಯ ಉಸ್ತುವಾರಿಗೆ ಬಿತ್ತುವಟ್ಟ, ಮುಂದೆ ದಸವಂದ ಎಂಬ ಏರ್ಪಾಡುಗಳಿದ್ದವು. ದಸವಂದದಲ್ಲಿ ಕೆರೆಯಡಿಯ ಗದ್ದೆಯ ಹತ್ತರಲ್ಲೊಂದು ಪಾಲಿನಷ್ಟನ್ನು ತೆರಿಗೆಯಿಲ್ಲದೆ ಬಿಟ್ಟುಕೊಡುತ್ತಿದ್ದರು. ಅದನ್ನು ಉಣ್ಣುವ ಮನೆತನಕ್ಕೆ ಏರಿಯ ಮೇಲೆ ಗಿಡ ಬೆಳೆಯದಂತೆ, ತೂಬು ಸೋರದಂತೆ, ಹೂಳು ತುಂಬದಂತೆ ನೋಡಿಕೊಳ್ಳುವ ಹೊಣೆ. ಹೀಗೆ ಕೆರೆ ತನ್ನ ಆರೈಕೆಯ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಧರ್ಮದ ಹಣದ ವಿಚಾರದಲ್ಲಿ ಈ ಸೀಮೆ ಕಂಡ ಅತ್ಯಂತ ಜಾಣ ಏರ್ಪಾಡು ಇದೇ ಎಂದು ಹೇಳಬೇಕು.

ಕೆರೆಗೆ ಎಷ್ಟು ಬೇಕಾಗುತ್ತಿತ್ತು ಎಂಬುದನ್ನು ನೆರೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳ ಶಾಸನ ಲೆಕ್ಕವಿಟ್ಟು ಹೇಳುತ್ತದೆ. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಟ್ಟಿಸಿದ ಕೆರೆ ಅದು. ದಿನಕ್ಕೆ 1,000 ಆಳು, ಕಲ್ಲು ಹೊರಲು 100 ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಇರಬೇಕಾದ 12 ಲಕ್ಷಣಗಳನ್ನೂ ಅದನ್ನು ಕೆಡಿಸುವ 6 ದೋಷಗಳನ್ನೂ ಆ ಶಾಸನ ಪಟ್ಟಿ ಮಾಡಿದೆ. ಪುಟ್ಟಪರ್ತಿಯ ಪಕ್ಕದ ಬುಕ್ಕಪಟ್ಟಣದ ದೊಡ್ಡ ಕೆರೆಯೂ ವಿಜಯನಗರದ ಕಾಲದ್ದೇ.

ಹಿಂದೂಪುರಕ್ಕೆ ಹತ್ತಿರದ ಲೇಪಾಕ್ಷಿಯ ವೀರಭದ್ರ ದೇವಾಲಯ ಧರ್ಮದ ಹಣದ ಇನ್ನೊಂದು ಮುಖವನ್ನು ಮುಂದಿಡುತ್ತದೆ. ಅಚ್ಯುತರಾಯನ ಆಳ್ವಿಕೆಯಲ್ಲಿ, ಹದಿನಾರನೆಯ ಶತಮಾನದ ಮೊದಲರ್ಧದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಅದನ್ನು ಕಟ್ಟಿಸಿದರು. ದೇವರ ನೈವೇದ್ಯಕ್ಕೆ, ಅನ್ನಸತ್ರಕ್ಕೆ ಗ್ರಾಮಗಳನ್ನು ಬಿಟ್ಟ ಸಂಗತಿ ಅಲ್ಲಿಯ ಕನ್ನಡ ಶಾಸನಗಳಲ್ಲಿದೆ. ಜನ ನೆನಪಿಟ್ಟುಕೊಂಡಿರುವುದು ಶಾಸನವನ್ನಲ್ಲ, ಒಂದು ಐತಿಹ್ಯವನ್ನು. ಬೊಕ್ಕಸದ ಹೊಣೆ ಹೊತ್ತಿದ್ದ ವಿರೂಪಣ್ಣ ಅರಸನನ್ನು ಕೇಳದೆ ರಾಜ್ಯದ ಹಣವನ್ನು ಗುಡಿಗೆ ಸುರಿದನಂತೆ. ಕಣ್ಣು ಕೀಳಿಸುವ ಆಜ್ಞೆ ಬರುವ ಮೊದಲೇ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಅರ್ಧಕ್ಕೆ ನಿಂತ ಕಲ್ಯಾಣ ಮಂಟಪವನ್ನೂ ಗೋಡೆಯ ಮೇಲಿನ ಕೆಂಪು ಕಲೆಗಳನ್ನೂ ಇಂದಿಗೂ ಯಾತ್ರಿಕರಿಗೆ ತೋರಿಸುತ್ತಾರೆ. ಇದು ನಡೆದದ್ದೋ ಕಟ್ಟಿದ್ದೋ, ಕೆಲಸ ಎಷ್ಟೇ ಪುಣ್ಯದ್ದಾದರೂ ಹಣ ಯಾರದು, ಯಾರ ಒಪ್ಪಿಗೆಯಿಂದ ಖರ್ಚಾಯಿತು ಎಂದು ಕೇಳುವ ಹಕ್ಕು ಉಳಿದೇ ಇರುತ್ತದೆ ಎಂಬ ಜನರ ತಿಳಿವಳಿಕೆ ಈ ಕಥೆಯಲ್ಲಿ ಉಳಿದುಬಂದಿದೆ.

ಅರಸರ ದತ್ತಿಯ ಜೊತೆಗೇ ಬಡವರ ಕೊಡುಗೆಯ ದಾರಿಯೊಂದಿತ್ತು. ವೀರಶೈವ ಮಠಗಳ ಜೋಳಿಗೆ, ದಾಸರ ಗೋಪಾಳ ಬುಟ್ಟಿ, ಮನೆಯಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಎತ್ತಿಡುವ ಹಿಡಿ ಅಕ್ಕಿ ಈ ದಾರಿಯವು. ಸುಗ್ಗಿಯಾದ ಮೇಲೆ ಸ್ವಾಮಿಗಳು ಊರೂರಿಗೆ ಬಿಜಯಮಾಡುವುದು, ಭಕ್ತರು ಪಾದಪೂಜೆ ಮಾಡಿ ಕಾಣಿಕೆ ಒಪ್ಪಿಸುವುದು, ರಾಗಿ ಜೋಳ ಕಡಲೆಕಾಯಿಯ ಮೂಟೆಗಳು ಗಾಡಿಯಲ್ಲಿ ಮಠ ಸೇರುವುದು ನಡೆದುಬಂದ ರೂಢಿ. ತುಮಕೂರಿನ ಸಿದ್ಧಗಂಗೆ ಇದನ್ನು ಇಪ್ಪತ್ತನೆಯ ಶತಮಾನದಲ್ಲಿ ಬಹುದೊಡ್ಡ ಮಟ್ಟಕ್ಕೆ ಬೆಳೆಸಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಹಳ್ಳಿಗಳ ಭಿಕ್ಷೆಯಿಂದಲೇ ಸಾವಿರಾರು ಮಕ್ಕಳ ಅನ್ನ, ವಸತಿ, ಓದು ನಡೆಸಿದರು. ಇಲ್ಲಿ ಕೊಡುವವನಿಗೂ ಉಣ್ಣುವವನಿಗೂ ನಡುವೆ ಗುರು ಒಬ್ಬನೇ ಇರುತ್ತಾನೆ, ಲೆಕ್ಕ ಉಗ್ರಾಣದಲ್ಲೇ ಕಣ್ಣಿಗೆ ಕಾಣುತ್ತದೆ.

ಬ್ರಿಟಿಷರ ಕಾಲದಲ್ಲಿ ಕೆರೆಗಳ ಹಳೆಯ ಏರ್ಪಾಡು ಸಡಿಲಗೊಂಡಿತು. ಇನಾಮುಗಳನ್ನು ಸರ್ಕಾರ ಪರಿಶೀಲಿಸಿ ಹೊಸ ಲೆಕ್ಕಕ್ಕೆ ತಂದಂತೆ ದಸವಂದದ ಭೂಮಿ ಉಳಿಯಿತು, ಅದರ ಹೊಣೆ ಎಷ್ಟೋ ಕಡೆ ಕಳಚಿತು. ಅದರ ಬೆನ್ನಿಗೇ 1876ರಿಂದ 78ರವರೆಗೆ ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಬರ ಬಂತು. ಅಂದು ಈ ತಾಲ್ಲೂಕುಗಳೆಲ್ಲ ಸೇರಿದ್ದ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿ ಅತಿ ಹೆಚ್ಚು ನೊಂದವುಗಳಲ್ಲಿ ಒಂದು. 1877ರಲ್ಲಿ ಲಂಡನ್ನಿನ ಮೇಯರ್ ಮ್ಯಾನ್ಷನ್ ಹೌಸ್‌ನಿಂದ ಸಾರ್ವಜನಿಕ ಚಂದಾ ಎತ್ತಿದರು. ಪತ್ರಿಕೆಯಲ್ಲಿ ಮನವಿ, ಸಮಿತಿ, ದಾನಿಗಳ ಪಟ್ಟಿ, ಖರ್ಚಿನ ವರದಿ ಎಂಬ ಕ್ರಮ ಈ ಸೀಮೆಗೆ ಬಂದದ್ದು ಆಗ.

ಸಂನ್ಯಾಸಿಗಳು ಇದೇ ಕ್ರಮವನ್ನು ತಮ್ಮದಾಗಿಸಿಕೊಂಡದ್ದು 1897ರಲ್ಲಿ. ಅಮೆರಿಕದಿಂದ ಮರಳಿದ ವಿವೇಕಾನಂದರು ಆ ವರ್ಷದ ಮೇ 1ರಂದು ರಾಮಕೃಷ್ಣ ಮಿಷನ್ ಸ್ಥಾಪಿಸಿದರು. ಅದೇ ತಿಂಗಳು ಅವರ ಗುರುಬಂಧು ಅಖಂಡಾನಂದರು ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಬರಪರಿಹಾರಕ್ಕೆ ಇಳಿದರು. ಪರಿಹಾರಕ್ಕೆ ಬಂದ ಹಣ, ಹಂಚಿದ ಅಕ್ಕಿ ಎರಡರ ಲೆಕ್ಕವನ್ನೂ ಅಚ್ಚು ಹಾಕಿಸುವುದು ಮಿಷನ್ನಿನ ವಾಡಿಕೆಯಾಯಿತು. ಭಾರತದ ಆಧುನಿಕ ಧಾರ್ಮಿಕ ಸೇವಾಸಂಸ್ಥೆಗಳೆಲ್ಲ ಒಂದಲ್ಲ ಒಂದು ರೀತಿ ಈ ಮಾದರಿಗೆ ಋಣಿಗಳು.

ಹಿಂದೂಪುರಕ್ಕೆ ಅರುವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಚಿತ್ರಾವತಿಯ ದಡದ ಪುಟ್ಟಪರ್ತಿಯಲ್ಲಿ ಇದಕ್ಕಿಂತ ಬೇರೆಯದೇ ಕ್ರಮವೊಂದು ಬೆಳೆಯಿತು. 1926ರ ನವೆಂಬರ್ 23ರಂದು ಅಲ್ಲಿ ಹುಟ್ಟಿದ ಸತ್ಯನಾರಾಯಣ ರಾಜು 1940ರಲ್ಲಿ ತಾನು ಸಾಯಿಬಾಬಾ ಎಂದು ಸಾರಿದಾಗ ಊರಿಗೆ ಸರಿಯಾದ ರಸ್ತೆ ಇರಲಿಲ್ಲ. ಬೆಂಗಳೂರು, ಮೈಸೂರು, ಮದರಾಸಿನ ಭಕ್ತರು ಗುಂತಕಲ್ಲು ಮಾರ್ಗದ ರೈಲಿನಲ್ಲಿ ಹಿಂದೂಪುರ ದಾಟಿ ಪೆನುಕೊಂಡೆಯಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಬಸ್ಸು, ಆಮೇಲೆ ಎತ್ತಿನ ಗಾಡಿ, ಕೊನೆಗೆ ಮರಳಿನ ಹೊಳೆ ದಾಟಿ ನಡಿಗೆ. ಊರ ಕರಣಮರ ಮನೆಯ ಸುಬ್ಬಮ್ಮ ಬಂದವರಿಗೆಲ್ಲ ಅಡುಗೆ ಮಾಡಿ ಬಡಿಸುತ್ತಿದ್ದರು. ಆ ಕಾಲದ ದೇಣಿಗೆ ಎಂದರೆ ಅಕ್ಕಿ, ಬೇಳೆ, ಜಾಗ, ಕೈಕೆಲಸ. ಕೊಡಗಿನ ಕಾಫಿ ತೋಟಗಳ ಒಡತಿ ಸಾಕಮ್ಮ ಮೊದಲ ಭಕ್ತರಲ್ಲಿ ಒಬ್ಬರು. 1950ರ ನವೆಂಬರ್ 23ರಂದು ತೆರೆದ ಪ್ರಶಾಂತಿ ನಿಲಯಕ್ಕೆ ಬೇಕಾದ ಭಾರಿ ಉಕ್ಕಿನ ತೊಲೆಗಳು ಪೆನುಕೊಂಡೆಯವರೆಗೆ ರೈಲಿನಲ್ಲಿ ಬಂದವು. ಅಲ್ಲಿಂದ ಮುಂದಕ್ಕೆ ಅವನ್ನು ಸಾಗಿಸುವುದೇ ದೊಡ್ಡ ಪಾಡಾಯಿತು.

1956ರ ಅಕ್ಟೋಬರಿನಲ್ಲಿ ತೆರೆದ ಪುಟ್ಟಪರ್ತಿಯ ಮೊದಲ ಆಸ್ಪತ್ರೆಯನ್ನು ಕಟ್ಟಿದ ಬಗೆ ಗಮನಿಸತಕ್ಕದ್ದು. ಆಶ್ರಮದ ಹಿಂದಿನ ಗುಡ್ಡದ ಮೇಲೆ ಅದರ ಜಾಗ. ಗಾಡಿ ಹತ್ತದ ಕಡಿದಾದ ಏರು. ಭಕ್ತರು ಬುಡದಿಂದ ನೆತ್ತಿಯವರೆಗೆ ಸಾಲಾಗಿ ನಿಂತು ಕಲ್ಲು, ಇಟ್ಟಿಗೆ, ಗಾರೆಯ ಬಾಣಲೆ, ನೀರಿನ ಬಿಂದಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಸಾಲಿನಲ್ಲಿ ಜಮೀನ್ದಾರರ ಮನೆಯ ಹೆಂಗಸರೂ ಇದ್ದರು, ಕೂಲಿಯವರೂ ಇದ್ದರು. ಹಣವಿಲ್ಲದವನೂ ದಾನಿಯಾಗಬಹುದಾದ ದಾರಿ ಅದು. ಮುಂದೆ ಕೋಟಿಗಳ ಯೋಜನೆಗಳು ಬಂದ ಮೇಲೂ ಆಶ್ರಮದ ಅಡುಗೆಮನೆ, ಆಸ್ಪತ್ರೆಯ ವಾರ್ಡು, ಉತ್ಸವದ ಕಾವಲಿನಲ್ಲಿ ಸರದಿಯ ಮೇಲೆ ದುಡಿಯುವ ಸೇವಾದಳದವರು ಈ ದಾರಿಯನ್ನು ಉಳಿಸಿಕೊಂಡರು. ಅವರು ಬಂದುಹೋಗುವ ಖರ್ಚು ಅವರದೇ.

ಈ ಚಳವಳಿಗೆ ಮಾತಿನ ರೂಪ ಕೊಟ್ಟವರು ಕನ್ನಡದ ನಾ. ಕಸ್ತೂರಿ. ಮೈಸೂರಿನಲ್ಲಿ ಅಧ್ಯಾಪಕರಾಗಿ, ‘ಕೊರವಂಜಿ’ಯ ಬರಹಗಾರರಾಗಿ, ‘ಅನರ್ಥಕೋಶ’ದ ಕರ್ತೃವಾಗಿ ನಗಿಸಿದ್ದ ಅವರು ನಿವೃತ್ತಿಯ ನಂತರ ಪುಟ್ಟಪರ್ತಿಯಲ್ಲಿ ನೆಲೆಸಿದರು. 1958ರ ಫೆಬ್ರವರಿಯಲ್ಲಿ ಆರಂಭವಾದ ‘ಸನಾತನ ಸಾರಥಿ’ ಮಾಸಪತ್ರಿಕೆಯ ಸಂಪಾದಕರಾದರು, ಬಾಬಾ ಚರಿತ್ರೆಯನ್ನು ಸಂಪುಟಗಳಲ್ಲಿ ಬರೆದರು. ದೂರದ ಊರುಗಳ ಭಕ್ತರಿಗೆ ಪುಟ್ಟಪರ್ತಿಯ ಕೆಲಸಗಳು ತಿಳಿಯುತ್ತಿದ್ದುದು ಬಹುಮಟ್ಟಿಗೆ ಈ ಬರಹಗಳಿಂದಲೇ.

1960ರ ದಶಕದಲ್ಲಿ ಸೇವಾ ಸಂಸ್ಥೆಗಳು ದೇಶವ್ಯಾಪಿ ಸಂಘಟನೆಯಾದಾಗ ಹಣದ ಬಗ್ಗೆ ಬಾಬಾ ಹಾಕಿದ ಕಟ್ಟಳೆ ಬಿಗಿಯಾಗಿತ್ತು. ಘಟಕಗಳು ಸಾರ್ವಜನಿಕರ ಬಳಿ ಚಂದಾ ಕೇಳಬಾರದು, ತನ್ನ ಹೆಸರು ಹೇಳಿ ರಸೀದಿ ಪುಸ್ತಕ ಹಿಡಿದು ಯಾರೂ ತಿರುಗಬಾರದು. ಸ್ಥಳೀಯ ಸೇವೆಗೆ ಬೇಕಾದ್ದನ್ನು ಸದಸ್ಯರೇ ತಮ್ಮೊಳಗೆ ಕೂಡಿಸಿಕೊಳ್ಳಬೇಕು. ಅದೂ ಯಾರು ಎಷ್ಟು ಕೊಟ್ಟರೆಂದು ಪಕ್ಕದವರಿಗೆ ತಿಳಿಯದಂತೆ. ಪ್ರಶಾಂತಿ ನಿಲಯದ ಮಂದಿರದಲ್ಲಿ ಹುಂಡಿ ಇಡಲಿಲ್ಲ. ದೇವಸ್ಥಾನವೆಂದರೆ ಹುಂಡಿ, ಜಾತ್ರೆಯೆಂದರೆ ಹರಕೆಯ ಕಾಣಿಕೆ ಎಂದು ತಿಳಿದಿದ್ದ ಸೀಮೆಯಲ್ಲಿ ಇದು ಎದ್ದುಕಾಣುವ ನಡೆ. ತಿರುಪತಿಗೂ ಪುಟ್ಟಪರ್ತಿಗೂ ಒಂದೇ ಯಾತ್ರೆಯಲ್ಲಿ ಹೋಗಿಬಂದವರು ಈ ವ್ಯತ್ಯಾಸವನ್ನು ಮೊದಲು ಗುರುತಿಸುತ್ತಿದ್ದರು.

1980ರ ದಶಕದಲ್ಲಿ ಇದಕ್ಕೆ ‘ಆಸೆಗಳಿಗೆ ಮಿತಿ’ ಎಂಬ ಕಾರ್ಯಕ್ರಮ ಸೇರಿತು. ಅನ್ನ, ಹಣ, ಕಾಲ, ಶಕ್ತಿ ಈ ನಾಲ್ಕನ್ನು ಪೋಲು ಮಾಡದೆ ಉಳಿಸಿ, ಉಳಿದದ್ದನ್ನು ಸೇವೆಗೆ ತೊಡಗಿಸುವುದು ಅದರ ತಿರುಳು. ಒಂದು ಸೀರೆ ಕಡಿಮೆ ಕೊಂಡ ಹಣ, ಒಂದು ಸಿನಿಮಾ ಬಿಟ್ಟ ಹಣ ಡಬ್ಬಿಗೆ ಬೀಳುತ್ತಿತ್ತು. ಹಿಡಿ ಅಕ್ಕಿಯ ಹಳೆಯ ವಾಡಿಕೆಯನ್ನೇ ನಗರದ ಸಂಬಳದಾರರ ಮನೆಗೆ ಹೊಂದಿಸಿದ ರೀತಿಯಿದು. ದೇಣಿಗೆಯ ಇತಿಹಾಸದಲ್ಲಿ ಇದನ್ನು ಸಣ್ಣದೆಂದು ಬದಿಗಿಡುವಂತಿಲ್ಲ. ಕೊಡುವವನು ಹಣವನ್ನಷ್ಟೇ ಅಲ್ಲ, ತನ್ನ ಬಯಕೆಯೊಂದನ್ನೂ ಬಿಟ್ಟುಕೊಟ್ಟಿರುತ್ತಾನೆ. ಹಾಗೆ ಬಂದ ಹಣ ಪೋಲಾದಾಗ ನೋವೂ ಅಷ್ಟೇ ಹೆಚ್ಚು.

ದೊಡ್ಡ ಹಣ ಹರಿದುಬಂದದ್ದು ಬೇರೆ ಕಾಲುವೆಯಲ್ಲಿ. 1972ರಲ್ಲಿ ಶ್ರೀ ಸತ್ಯಸಾಯಿ ಸೆಂಟ್ರಲ್ ಟ್ರಸ್ಟ್ ನೋಂದಣಿಯಾಯಿತು. ದೇಣಿಗೆ ಕೊಡಬಯಸುವವರು ಆ ಟ್ರಸ್ಟಿನ ಖಾತೆಗೇ ಕಟ್ಟಬೇಕು. ಆದಾಯ ತೆರಿಗೆ ವಿನಾಯಿತಿ ಇತ್ತು. ವಿದೇಶಿ ದೇಣಿಗೆಗೆ 1976ರ ಕಾಯ್ದೆಯಡಿ ಕೇಂದ್ರ ಗೃಹ ಇಲಾಖೆಗೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕಿತ್ತು. ವಿದೇಶಿ ಹಣ ಪಡೆಯುವ ಸಂಸ್ಥೆಗಳ ಪಟ್ಟಿಯಲ್ಲಿ ಟ್ರಸ್ಟಿನ ಹೆಸರು ಮುಂಚೂಣಿಗೆ ಬಂತು. ಬಂದ ಹಣದ ಒಂದು ಭಾಗವನ್ನು ಇಡುಗಂಟಾಗಿ ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಿಂದ ಕಾಲೇಜು, ಆಸ್ಪತ್ರೆಗಳನ್ನು ಶುಲ್ಕವಿಲ್ಲದೆ ನಡೆಸುವುದು ಟ್ರಸ್ಟಿನ ಪದ್ಧತಿ. ಬಾಯಿಬಿಟ್ಟು ಕೇಳದಿದ್ದರೂ ನವೆಂಬರ್ 23ರ ಹುಟ್ಟುಹಬ್ಬದ ಭಾಷಣದಲ್ಲಿ ಮುಂದಿನ ಯೋಜನೆಯನ್ನು ಪ್ರಕಟಿಸುವುದೇ ಭಕ್ತರಿಗೆ ಸಾಕಾದ ಕರೆಯಾಗಿತ್ತು.

1990ರಲ್ಲಿ ಹೀಗೆ ಪ್ರಕಟವಾದದ್ದು ಹೃದಯ ಶಸ್ತ್ರಚಿಕಿತ್ಸೆಯ ಆಸ್ಪತ್ರೆ. ಹಾರ್ಡ್ ರಾಕ್ ಕೆಫೆಯ ಸ್ಥಾಪಕರಲ್ಲಿ ಒಬ್ಬನಾದ ಅಮೆರಿಕದ ಐಸಾಕ್ ಟಿಗ್ರೆಟ್ ಆ ವ್ಯವಹಾರದ ತನ್ನ ಪಾಲನ್ನು ಮಾರಿ ಬಂದ ಹಣದ ದೊಡ್ಡ ಭಾಗವನ್ನು ಇದಕ್ಕೆ ಕೊಟ್ಟ. ಎಲ್ಲರನ್ನೂ ಪ್ರೀತಿಸಿ, ಎಲ್ಲರ ಸೇವೆ ಮಾಡಿ ಎಂಬ ಬಾಬಾ ಮಾತು ಅದಕ್ಕೂ ಮೊದಲೇ ಆ ಹೋಟೆಲುಗಳ ಗೋಡೆ ಏರಿತ್ತು. ಇಂಗ್ಲೆಂಡಿನ ಕೀತ್ ಕ್ರಿಚ್‌ಲೋ ಆಸ್ಪತ್ರೆಯ ವಿನ್ಯಾಸ ಮಾಡಿದರು. ಹೇಳಿದ ಒಂದೇ ವರ್ಷಕ್ಕೆ, 1991ರ ನವೆಂಬರ್ 22ರಂದು, ಅಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಹಣ ಕಟ್ಟುವ ಕೌಂಟರೇ ಇಲ್ಲದ ಆಸ್ಪತ್ರೆ ಅದು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕರ್ನಾಟಕ ಸರ್ಕಾರ ಕೊಟ್ಟ ಜಾಗದಲ್ಲಿ ಇಂಥದೇ ಎರಡನೆಯ ಆಸ್ಪತ್ರೆಯನ್ನು 2001ರ ಜನವರಿ 19ರಂದು ಪ್ರಧಾನಿ ವಾಜಪೇಯಿ ಉದ್ಘಾಟಿಸಿದರು.

ಹಿಂದೂಪುರ, ಕಲ್ಯಾಣದುರ್ಗದ ಹಳ್ಳಿಗಳ ಬದುಕನ್ನು ಹೆಚ್ಚು ಮುಟ್ಟಿದ್ದು ಆಸ್ಪತ್ರೆಗಿಂತ ನೀರು. 1994ರ ನವೆಂಬರಿನಲ್ಲಿ ಬಾಬಾ ಅನಂತಪುರ ಜಿಲ್ಲೆಗೆ ಕುಡಿಯುವ ನೀರು ಕೊಡುವ ಸಂಕಲ್ಪ ಪ್ರಕಟಿಸಿದರು. ಕೆಲಸ ವಹಿಸಿಕೊಂಡದ್ದು ಲಾರ್ಸನ್ ಅಂಡ್ ಟೂಬ್ರೊ ಕಂಪನಿ. ಸುಮಾರು 18 ತಿಂಗಳು, ಸುಮಾರು 300 ಕೋಟಿ ರೂಪಾಯಿ, 731 ಹಳ್ಳಿಗಳು ಮತ್ತು ಕೆಲವು ಪಟ್ಟಣಗಳು. ಸರ್ಕಾರದ ಬಜೆಟ್ಟಿನ ಹಣ ಇದರಲ್ಲಿ ಇರಲಿಲ್ಲ. ಒಂಬತ್ತನೆಯ ಪಂಚವಾರ್ಷಿಕ ಯೋಜನೆಯ ದಾಖಲೆ ಇದನ್ನು ಸಾಟಿಯಿಲ್ಲದ ಪ್ರಯತ್ನವೆಂದು ಹೆಸರಿಸಿ ಹೊಗಳಿತು. 1999ರ ನವೆಂಬರ್ 23ರಂದು ಅಂಚೆ ಇಲಾಖೆ ಅಂಚೆಚೀಟಿ ತಂದಿತು.

ನೀರು ಬಂದ ದಾರಿಗಳು ಹಲವು. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ಬದಿಯಲ್ಲಿ ಬೇಸಿಗೆಗೆಂದು ನೀರು ತುಂಬಿಡುವ ಕೆರೆಗಳನ್ನು ತೋಡಿದರು. ಚಿತ್ರಾವತಿಯ ಜಲಾಶಯದಿಂದ ಪಂಪು ಮಾಡಿದರು. ಒಣಗಿದಂತೆ ಕಾಣುವ ನದಿಗಳ ಮರಳಿನಡಿ ಹರಿಯುವ ನೀರನ್ನು ಬಾವಿ ಇಳಿಸಿ ಎತ್ತಿದರು. ಕಾಲುವೆಯೂ ನದಿಯೂ ಮುಟ್ಟದ ಕಡೆ ಆಳದ ಕೊಳವೆಬಾವಿ. ಎರಡು ಸಾವಿರ ಕಿಲೋಮೀಟರಿಗೂ ಉದ್ದದ ಪೈಪುಗಳು ನೆಲದಡಿ ಹೋದವು. ಎತ್ತಿದ ನೀರು ಸಂಪಿಗೆ, ಸಂಪಿನಿಂದ ಗುಡ್ಡದ ನೆತ್ತಿಯ ತೊಟ್ಟಿಗೆ, ಅಲ್ಲಿಂದ ತಾನಾಗಿ ಇಳಿದು ಊರಿನ ಟ್ಯಾಂಕಿಗೆ. 43 ಸಂಪು, 18 ಗುಡ್ಡದ ಮೇಲಿನ ತೊಟ್ಟಿ, 270 ಓವರ್‌ಹೆಡ್ ಟ್ಯಾಂಕು, 125 ನೆಲಮಟ್ಟದ ತೊಟ್ಟಿ ಎಂಬುದು ಯೋಜನೆಯ ಲೆಕ್ಕ. ಇವೆಲ್ಲಕ್ಕಿಂತ ಜನರ ಕಣ್ಣಿಗೆ ಬಿದ್ದದ್ದು ಬೀದಿ ಬೀದಿಗೆ ಕೂರಿಸಿದ 1,500ಕ್ಕೂ ಹೆಚ್ಚು ಸಿಮೆಂಟಿನ ತೊಟ್ಟಿಗಳು. ಒಂದೊಂದರಲ್ಲಿ 2,500 ಲೀಟರು ನೀರು, ಒಂದೊಂದಕ್ಕೆ ನಾಲ್ಕು ನಲ್ಲಿ. ನಾಲ್ಕು ಹೆಂಗಸರು ಒಟ್ಟಿಗೆ ಬಿಂದಿಗೆ ಇಟ್ಟು ತುಂಬಿಕೊಳ್ಳಬಹುದು. ದೂರದ ತೋಟದ ಬಾವಿಗೆ ನಡೆಯುವುದು, ಪಂಚಾಯಿತಿಯ ಟ್ಯಾಂಕರು ಬಂದಾಗ ಮುಗಿಬೀಳುವುದು ಅಷ್ಟರಮಟ್ಟಿಗೆ ತಪ್ಪಿತು.

ಅದೇ ಮಾದರಿಯನ್ನು ಟ್ರಸ್ಟ್ ಮೆದಕ್, ಮಹಬೂಬ್‌ನಗರ ಜಿಲ್ಲೆಗಳಿಗೂ ಗೋದಾವರಿ ಜಿಲ್ಲೆಗಳ ಗುಡ್ಡಗಾಡಿಗೂ ಒಯ್ದಿತು. ಚೆನ್ನೈಗೆ ನೀರು ತರುವ ಕಂಡಲೇರು–ಪೂಂಡಿ ಕಾಲುವೆಯನ್ನೂ ದುರಸ್ತಿ ಮಾಡಿಸಿತು. ಹಿಂದೂಪುರ ಪಟ್ಟಣದ ದಾಹ ಮಾತ್ರ ಈ ಯೋಜನೆಯಿಂದ ತೀರಲಿಲ್ಲ. ಎನ್.ಟಿ. ರಾಮರಾವ್ 1985ರಿಂದ ಮೂರು ಬಾರಿ ಶಾಸಕರಾಗಿ ಗೆದ್ದ ಊರಾದರೂ ಅಲ್ಲಿಯ ಬೀದಿಗಳು ಟ್ಯಾಂಕರನ್ನೇ ಕಾದವು. ಮುಂದೆ ಪೆನ್ನಾ ಅಹೋಬಿಲ ಜಲಾಶಯದಿಂದ ಶ್ರೀರಾಮರೆಡ್ಡಿ ಯೋಜನೆಯ ಮೂಲಕ, ಆಮೇಲೆ ಗೊಲ್ಲಪಲ್ಲಿ ಜಲಾಶಯದಿಂದ ಸರ್ಕಾರವೇ ನೀರು ತರಬೇಕಾಯಿತು.

ಕಲ್ಯಾಣದುರ್ಗದಲ್ಲಿ ನೆಲೆಯೂರಿದ ಸೇವೆಯ ಇನ್ನೊಂದು ಧಾರೆಯ ಹಣದ ದಾರಿ ಪೂರಾ ಬೇರೆ. ಸ್ಪೇನಿನ ವಿನ್ಸೆಂಟ್ ಫೆರರ್ ಜೆಸ್ಯೂಟ್ ಪಾದ್ರಿಯಾಗಿ ಮಹಾರಾಷ್ಟ್ರದ ಮನ್ಮಾಡಿನಲ್ಲಿ ಬಾವಿ ತೋಡಿಸುತ್ತಿದ್ದವರು. 1968ರಲ್ಲಿ ದೇಶ ಬಿಡಬೇಕಾಗಿ ಬಂದು, ಮರುವರ್ಷ ಮರಳಿ ಅನಂತಪುರದಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಆರಂಭಿಸಿದರು. ಪಾದ್ರಿತನ ಬಿಟ್ಟು ಮದುವೆಯಾದ ಮೇಲೂ ಜಿಲ್ಲೆಯ ಜನಕ್ಕೆ ಅವರು ಫಾದರ್ ಆಗಿಯೇ ಉಳಿದರು. ಕಲ್ಯಾಣದುರ್ಗ, ಬತ್ತಲಪಲ್ಲಿ, ಕಣೇಕಲ್ಲುಗಳಲ್ಲಿ ಟ್ರಸ್ಟಿನ ಆಸ್ಪತ್ರೆಗಳಿವೆ. ಇಲ್ಲಿ ಹಣ ಬಂದದ್ದು ನೇರವಾಗಿ ಕೇಳಿದ್ದರಿಂದ. ಸ್ಪೇನಿನ ಒಂದು ಕುಟುಂಬ ಅನಂತಪುರದ ಒಂದು ಮಗುವಿನ ಹೆಸರಿನಲ್ಲಿ ತಿಂಗಳು ತಿಂಗಳು ಇಂತಿಷ್ಟು ಕಳಿಸುತ್ತದೆ. ಮಗುವಿನಿಂದ ಅವರಿಗೆ ಪತ್ರ, ಚಿತ್ರ ಹೋಗುತ್ತವೆ. ಹಣ ಮಾತ್ರ ಇಡೀ ಊರಿನ ಶಾಲೆ, ಮನೆ, ಚಿಕಿತ್ಸೆಗೆ ಬಳಕೆಯಾಗುತ್ತದೆ. 1996ರಲ್ಲಿ ಸ್ಪೇನಿನಲ್ಲೇ ಪ್ರತಿಷ್ಠಾನ ಸ್ಥಾಪನೆಯಾದ ಮೇಲೆ ಈ ಜಾಲ ಹಬ್ಬಿತು. ಯೂರೋಪಿನ ಹಣವನ್ನೇ ಸದಾ ನೆಚ್ಚಲಾಗದೆಂದು ಟ್ರಸ್ಟ್ ಆಮೇಲೆ ಹಳ್ಳಿಯ ಮನೆಗಳಿಗೆ ಹುಂಡಿಗಳನ್ನು ಹಂಚಿತು. ನೆರವು ಪಡೆದ ಮನೆಯವರೇ ಅದರಲ್ಲಿ ಚಿಲ್ಲರೆ ಹಾಕಿ ತಮಗಿಂತ ಕಷ್ಟದಲ್ಲಿರುವವರಿಗೆ ಒಪ್ಪಿಸತೊಡಗಿದರು. ಪಡೆದವನನ್ನು ಕೊಡುವವನನ್ನಾಗಿ ಮಾಡುವ ಈ ಯೋಚನೆಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ. ವಿದೇಶಿ ದೇಣಿಗೆ ಪಡೆಯುವ ಪರವಾನಗಿಯ ನವೀಕರಣಕ್ಕೆ 2025ರಲ್ಲಿ ತಡೆ ಬಂದಾಗ ಜಿಲ್ಲೆಯ ಜನ ಬೀದಿಗಿಳಿದು ಪ್ರತಿಭಟಿಸಿದರು. ಒಂದೇ ದಾರಿಯ ಹಣವನ್ನು ನೆಚ್ಚಿದ ಸೇವೆಗೆ ಯಾವಾಗ ಬೇಕಾದರೂ ಏನಾಗಬಹುದೆಂದು ಅದು ತೋರಿಸಿಕೊಟ್ಟಿತು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ದಾರಿಯ ನಡುವೆ ಸಿಗುವ ಪಾವಗಡ ಕರ್ನಾಟಕದ ನೆಲ, ಸುತ್ತಲೂ ಬಹುಪಾಲು ಆಂಧ್ರ. ಅಲ್ಲಿ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮ ಕುಷ್ಠ ಮತ್ತು ಕ್ಷಯ ರೋಗಿಗಳ ಆರೈಕೆಯಿಂದ ಹೆಸರಾಗಿ, ಶಾರದಾದೇವಿ ಕಣ್ಣಿನ ಆಸ್ಪತ್ರೆ ನಡೆಸುತ್ತಿದೆ. ಇನ್ಫೋಸಿಸ್ ಪ್ರತಿಷ್ಠಾನದ ನೆರವು ಇದಕ್ಕೆ ದೊಡ್ಡ ಆಸರೆ. ಬೆಂಗಳೂರಿನ ಕಂಪನಿಗಳು ಲಾಭದ ಪಾಲನ್ನು ಸೇವೆಗೆ ಕೊಡುವ ಹೊಸ ಕಾಲದ ದಾರಿಗೆ ಗಡಿಸೀಮೆಯ ಒಳ್ಳೆಯ ನಿದರ್ಶನ ಇದು. ಆಸ್ಪತ್ರೆಗೆ ಆಂಧ್ರದ ರೋಗಿಗಳೂ ಬರುತ್ತಾರೆ.

ಗುರುವಿನ ಮೇಲಿನ ನಂಬಿಕೆಯಿಂದ ಹಣ ಬರುವ ಕಡೆ ಪ್ರಶ್ನೆಗಳೂ ಏಳುತ್ತವೆ. ಗೌರಿಬಿದನೂರು ತಾಲ್ಲೂಕಿನವರೇ ಆದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ ಬಾಬಾಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಹಣದ ಪ್ರಶ್ನೆ ಮುಂದಕ್ಕೆ ಬಂದದ್ದು 2011ರ ಏಪ್ರಿಲ್ 24ರಂದು ಬಾಬಾ ತೀರಿಕೊಂಡ ಮೇಲೆ. ಜೂನಿನಲ್ಲಿ ಅವರ ವಾಸದ ಯಜುರ್ ಮಂದಿರವನ್ನು ತೆರೆದಾಗ 98 ಕಿಲೋ ಚಿನ್ನ, 307 ಕಿಲೋ ಬೆಳ್ಳಿ, 11 ಕೋಟಿ 56 ಲಕ್ಷ ರೂಪಾಯಿ ನಗದು ಸಿಕ್ಕಿತೆಂದು ಟ್ರಸ್ಟ್ ಪ್ರಕಟಿಸಿತು. ಅದರ ಬೆನ್ನಿಗೇ ಹಿಂದೂಪುರದ ಕಡೆಯ ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಒಂದು ಕಾರಿನಲ್ಲಿ 35 ಲಕ್ಷಕ್ಕೂ ಮೀರಿದ ನಗದನ್ನು ಹಿಡಿದರು. ಸಮಾಧಿ ನಿರ್ಮಾಣಕ್ಕೆ ಭಕ್ತರು ಕೊಟ್ಟ ಹಣ ಅದೆಂದು ಟ್ರಸ್ಟ್ ಹೇಳಿತು. ಕೇಳದೆ ಕೊಟ್ಟ ಹಣಕ್ಕೆ ಲೆಕ್ಕ ಕೇಳುವವರು ಕಡಿಮೆ. ಗುರು ಇರುವ ತನಕ ಅವನ ಮಾತೇ ಲೆಕ್ಕವಾಗಿ ನಡೆದುಹೋಗುತ್ತದೆ, ಆತ ಹೋದ ಮೇಲೆ ಪುಸ್ತಕವೇ ಮಾತಾಡಬೇಕು. ಟ್ರಸ್ಟ್ ಅಲ್ಲಿಂದ ಮುಂದೆ ಆ ಹಾದಿ ಹಿಡಿಯಬೇಕಾಯಿತು. ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಮಾತ್ರ ನಿಲ್ಲಲಿಲ್ಲ. ಅವುಗಳ ಹಿಂದೆ ಇಡುಗಂಟು ಇದ್ದದ್ದೇ ಅದಕ್ಕೆ ಕಾರಣ.

ನೀರಿನ ಯೋಜನೆಯ ಹಿಂದೆ ಅಂಥ ಇಡುಗಂಟು ಇರಲಿಲ್ಲ. ಕಟ್ಟಿ ಮುಗಿಸಿ ಟ್ರಸ್ಟ್ ಅದನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸಿತು. ಪಂಪಿನ ವಿದ್ಯುತ್ ಬಿಲ್ಲು, ಒಡೆದ ಪೈಪಿನ ದುರಸ್ತಿ, ವಾಲ್ವು ತಿರುಗಿಸುವವರ ಸಂಬಳ ಎಲ್ಲವೂ ಸರ್ಕಾರದ ಬಿಡುಗಡೆಯ ಆದೇಶಕ್ಕೆ ಕಾಯುವಂತಾಯಿತು. ಕಟ್ಟುವ ಹಣಕ್ಕೆ ಜಗತ್ತಿನ ಮೂಲೆಮೂಲೆಯ ಭಕ್ತರು ಒದಗಿದರು. ನಡೆಸುವ ಹಣಕ್ಕೆ ದಸವಂದದಂಥ ಏರ್ಪಾಡೊಂದನ್ನು ಯಾರೂ ಮಾಡಲಿಲ್ಲ. ಈ ಯೋಜನೆಯ ಒಂದೇ ದೊಡ್ಡ ಕೊರತೆ ಅದು. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿದು ಯೋಜನೆಯ ಕಾರ್ಮಿಕರು ಹಲವು ಬಾರಿ ಮುಷ್ಕರ ಹೂಡಿದ್ದಾರೆ. ಮುಷ್ಕರ ನಡೆದಷ್ಟು ದಿನ ಹಳ್ಳಿಗಳಿಗೆ ನೀರು ಬರುವುದಿಲ್ಲ.